ಎ321 ಬಾಲ ನೆಲಕ್ಕೆ ಉಜ್ಜದಂಗೆ ಎಬ್ಬಿಸೋದು ಇಳಿಸೋದು ಹೆಂಗೆ, ಕಂಪ್ಯೂಟರ್ ಎಲ್ಲಿವರೆಗೆ ಕೈ ಹಿಡಿಯುತ್ತೆ

ಮೊನ್ನೆ ರಾತ್ರಿ ನಮ್ಮ ಅಕ್ಕನ ಮಗ ಒಂದೇ ಗಂಟೆಲಿ ಮೂರು ಸಲ ಎ321 ಅನ್ನೋ ಏರ್‌ಬಸ್ ಕಂಪನಿಯ ಉದ್ದನೆ ವಿಮಾನದ ಬಾಲ ರನ್‌ವೇಗೆ ಉಜ್ಜಿದ. ಗಾಬರಿ ಆಗ್ಬೇಡಿ, ಕಂಪ್ಯೂಟರಲ್ಲಿ, ಫ್ಲೈಟ್ ಸಿಮ್ಯುಲೇಟರ್‌ನಲ್ಲಿ. ಚಿಕ್ಕಬಳ್ಳಾಪುರದ ಬಿ.ಬಿ. ರೋಡಲ್ಲಿ ನಂದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ, ಶಟರ್ ಎಳೆದ್ಮೇಲೆ ಒಳಗಡೆ ಇರೋ ಪಿಸಿಗೆ ಜಾಯ್‌ಸ್ಟಿಕ್ ಚುಚ್ಚಿಕೊಂಡು ಅವನು ಕೂತ್ಕೊಂಡ್ರೆ ಅಕ್ಕ ಫೋನ್ ಮಾಡಿ ಬೈಯೋ ತನಕ ಎದ್ದೇಳಲ್ಲ. ಮೂರನೇ ಸಲ ಉಜ್ಜಿದ್ಮೇಲೆ ನನ್ಮೇಲೇ ಎಗರಾಡಿದ, "ಮಾಮ, ಏರ್‌ಬಸ್ ಅಂದ್ರೆ ಫ್ಲೈ ಬೈ ವೈರ್, ಪೈಲಟ್ ತಪ್ಪು ಮಾಡಿದ್ರೂ ಕಂಪ್ಯೂಟರ್ ಬಿಡಲ್ಲ ಅಂತ ನೀವೇ ಅಂದಿದ್ರಲ್ಲ!"

ಅಂದಿದ್ದೆ, ನಿಜ. ಅರ್ಧ ಸತ್ಯ ಹೇಳಿದ್ದೆ, ಇನ್ನರ್ಧ ಹೇಳೋದು ಬಿಟ್ಟಿದ್ದೆ. ಅದನ್ನೇ ಇಲ್ಲಿ ಬರೀತಿದೀನಿ. ಸಿಮ್ಯುಲೇಟರ್ ಆಡೋ ಹುಡುಗ್ರಿಗೆ, ಪೈಲಟ್ ಕೋರ್ಸ್ ಸೇರ್ಬೇಕು ಅಂತ ಇರೋರಿಗೆ, ಇಲ್ಲಾ ಸುಮ್ನೆ ನಂದಿ ಬೆಟ್ಟದ ಮೇಲೆ ನಿಂತ್ಕೊಂಡು ದೇವನಹಳ್ಳಿ ಕಡೆಯಿಂದ ಏಳೋ ವಿಮಾನ ನೋಡ್ತಾ ಹೆಂಗಪ್ಪಾ ಇದು ಅಂದ್ಕೊಳ್ಳೋರಿಗೆ. ನಾನು ಪೈಲಟ್ ಅಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಅಂಗಡಿ ಇಡೋಕೆ ಮುಂಚೆ ಐದು ವರ್ಷ ಏರ್‌ಪೋರ್ಟಲ್ಲಿ ಲಗೇಜ್ ಲೋಡಿಂಗ್ ಕೆಲಸ ಮಾಡ್ದೋನು, ಆಮೇಲೆ ಹುಚ್ಚು ಹಿಡಿದು ಕೈಗೆ ಸಿಕ್ಕಿದ್ದೆಲ್ಲ ಓದ್ದೋನು, ಅಷ್ಟೇ. ಇದನ್ನ ಓದ್ಕೊಂಡು ಯಾರೂ ನಿಜವಾದ ವಿಮಾನ ಓಡ್ಸೋಕೆ ಹೋಗ್ಬೇಡಿ, ಅದಕ್ಕೆ ಟ್ರೈನಿಂಗ್ ಇದೆ, ಕಂಪನಿ ಮ್ಯಾನ್ಯುಯಲ್ ಇದೆ.

ಸ್ಟೆಪ್ 1: ಬಾಲ ಯಾಕೆ ತಾಗುತ್ತೆ ಅಂತ ಕೈಯಾರೆ ನೋಡಿ

ಹಳೇ ಕಾಲದ ಏತ ನೆನಪಿದ್ಯಾ? ಬಾವಿ ದಡದಲ್ಲಿ ಕಂಬ, ಅದರ ಮೇಲೆ ಅಡ್ಡಕ್ಕೆ ಉದ್ದನೆ ಮರ, ಒಂದು ತುದಿ ಮೇಲೆ ಹೋದ್ರೆ ಇನ್ನೊಂದು ತುದಿ ಕೆಳಗೆ ಬರುತ್ತೆ. ರನ್‌ವೇಲಿ ಓಡ್ತಿರೋ ವಿಮಾನನೂ ಹಂಗೇ, ಹಿಂದಿನ ದೊಡ್ಡ ಚಕ್ರಗಳೇ ಕಂಬ. ಪೈಲಟ್ ಸ್ಟಿಕ್ ಎಳೆದ ತಕ್ಷಣ ಬಾಲದಲ್ಲಿರೋ ಎಲಿವೇಟರ್ ಅನ್ನೋ ಪಟ್ಟಿ ಬಾಲವನ್ನ ಕೆಳಗೆ ಒತ್ತುತ್ತೆ, ಮೂಗು ಮೇಲೆ ಹೋಗುತ್ತೆ. ಚಕ್ರ ನೆಲ ಬಿಡೋಕೆ ಮುಂಚೆ ಮೂಗು ಜಾಸ್ತಿ ಎದ್ರೆ ಏತದ ಹಿಂದಿನ ತುದಿ ನೆಲಕ್ಕೆ ಹೊಡೆಯುತ್ತೆ, ಅದೇ ಟೈಲ್ ಸ್ಟ್ರೈಕ್. ಇನ್ನೊಂದು ಮಜಾ ಏನಂದ್ರೆ ಚಕ್ರ ನೆಲ ಬಿಟ್ಟ ತಕ್ಷಣ ಬಚಾವ್ ಅಂತೇನಿಲ್ಲ, ಮೂಗು ಇನ್ನೂ ಏಳ್ತಾನೇ ಇರುತ್ತೆ, ಬಾಲ ಇನ್ನೂ ಇಳೀತಾನೇ ಇರುತ್ತೆ, ಎಷ್ಟೋ ಸಲ ಬಾಲ ನೆಲಕ್ಕೆ ತೀರಾ ಹತ್ರ ಬರೋದೇ ಚಕ್ರ ಎದ್ದ ಆ ಕ್ಷಣದಲ್ಲಿ.

ಈಗ ಮನೇಲಿ ಮಕ್ಕಳ ಜಾಮಿಟ್ರಿ ಬಾಕ್ಸ್ ತಗೊಳ್ಳಿ. ಕೋನಮಾಪಕದಲ್ಲಿ 11 ಡಿಗ್ರಿ ಗುರುತು ಮಾಡಿ ಒಂದು ಗೆರೆ ಎಳೀರಿ. ಎಷ್ಟು ಚಿಕ್ಕದು ನೋಡಿ! ಐದು ಅಡಿ ಉದ್ದಕ್ಕೆ ಒಂದು ಅಡಿ ಎತ್ತರ, ಅಷ್ಟೇ. ನಮ್ಮ ಅಂಗಡಿ ಮುಂದೆ ಬೈಕ್ ಹತ್ಸೋಕೆ ಹಾಕಿರೋ ಸಿಮೆಂಟ್ ಇಳಿಜಾರು ಇದಕ್ಕಿಂತ ಕಡಿದಾಗಿದೆ. ಎ321ಗೆ ಚಕ್ರದ ಶಾಕ್ ಅಬ್ಸಾರ್ಬರ್ ಪೂರ್ತಿ ಉದ್ದ ಬಿಟ್ಕೊಂಡಿದ್ರೆ ಬಾಲ ತಾಗೋದು 11.2 ಡಿಗ್ರಿಗೆ, ಶಾಕ್ ಪೂರ್ತಿ ಅದುಮಿಕೊಂಡಿದ್ರೆ 9.7 ಡಿಗ್ರಿಗೇ. ಅದರ ತಮ್ಮ ಎ320ಗೆ ಇದೇ ಲೆಕ್ಕ 13.5 ಮತ್ತೆ 11.7. ಎರಡೂ ಒಂದೇ ಕಾಕ್‌ಪಿಟ್, ಒಂದೇ ಲೈಸೆನ್ಸ್, ಆದ್ರೆ ಎ320 ಉದ್ದ 37.57 ಮೀಟರ್, ಎ321 ಉದ್ದ 44.51 ಮೀಟರ್. ಹತ್ರ ಹತ್ರ ಏಳು ಮೀಟರ್ ಜಾಸ್ತಿ, ಅದಕ್ಕೆ ತಕ್ಕಂಗೆ ಚಕ್ರದ ಕಾಲು ಉದ್ದ ಆಗಿಲ್ಲ. ಬೆಳಿಗ್ಗೆ ಎ320 ಓಡಿಸಿ ಸಾಯಂಕಾಲ ಎ321ರಲ್ಲಿ ಕೂತ ಪೈಲಟ್‌ಗೆ ಮುಂದೆ ಕಾಣೋದೆಲ್ಲ ಒಂದೇ ಥರ, ಹಿಂದೆ ಇರೋ ಬಾಲ ಮಾತ್ರ ಬೇರೆ. ನಮ್ಮ ಹುಡುಗ ಮಾಡಿದ್ದೂ ಇದೇ, ಒಂದು ತಿಂಗಳು ಎ320 ಓಡಿಸಿದ ಕೈಲೇ ಎ321 ಎಳೆದ.

2023ರಲ್ಲಿ ನಮ್ಮ ದೇಶದ್ದೇ ಒಂದು ಏರ್‌ಲೈನ್‌ನಲ್ಲಿ ಆರು ತಿಂಗಳ ಒಳಗೆ ನಾಲ್ಕು ಎ321 ಬಾಲ ಉಜ್ಕೊಂಡ್ವು, ವಿಮಾನ ಸಂಚಾರ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎ ಅವ್ರು 30 ಲಕ್ಷ ರೂಪಾಯಿ ದಂಡ ಹಾಕಿದ್ರು. ಟ್ರೈನಿಂಗ್ ಆದ ಪೈಲಟ್‌ಗಳಿಗೇ ಆಗುತ್ತೆ ಅಂದ್ಮೇಲೆ ಪಿಯುಸಿ ಹುಡುಗ ಉಜ್ಜಿದ್ರಲ್ಲಿ ಏನು ಆಶ್ಚರ್ಯ ಇದೆ ಹೇಳಿ.

ಸ್ಟೆಪ್ 2: ಫ್ಲೈ ಬೈ ವೈರ್ ಅಂದ್ರೆ ಏನು ಅಂತ ಒಂದ್ಸಲ ಸರಿಯಾಗಿ ತಿಳ್ಕೊಳ್ಳಿ

ಹಳೇ ವಿಮಾನಗಳಲ್ಲಿ ಪೈಲಟ್ ಎಳೆಯೋ ಹ್ಯಾಂಡಲ್‌ಗೂ ರೆಕ್ಕೆ ಬಾಲದ ಪಟ್ಟಿಗಳಿಗೂ ಮಧ್ಯೆ ಉಕ್ಕಿನ ಕೇಬಲ್ಲು, ರಾಟೆ ಇರುತ್ತಿತ್ತು, ಬೋಯಿಂಗ್ 737ರಲ್ಲಿ ಇವತ್ತಿಗೂ ಹಂಗೇ ಇದೆ. ಫ್ಲೈ ಬೈ ವೈರ್‌ನಲ್ಲಿ ಸ್ಟಿಕ್ ಎಳೆದ್ರೆ ಕಂಪ್ಯೂಟರ್‌ಗೆ ಒಂದು ಕರೆಂಟ್ ಸಿಗ್ನಲ್ ಹೋಗುತ್ತೆ, ಇವನಿಗೆ ಏನು ಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಹೈಡ್ರಾಲಿಕ್ ಜ್ಯಾಕ್‌ಗೆ ಆರ್ಡರ್ ಕೊಡುತ್ತೆ. ಎ320 ಮೊದಲ ಸಲ ಹಾರಿದ್ದು 1987ರಲ್ಲಿ, ಮಾರನೇ ವರ್ಷ ಪ್ಯಾಸೆಂಜರ್ ಸರ್ವಿಸ್‌ಗೆ ಬಂತು. ನಮ್ಮ ಬೆಂಗಳೂರಿನ ತೇಜಸ್ ಯುದ್ಧವಿಮಾನನೂ ಫ್ಲೈ ಬೈ ವೈರೇ, 2001ರ ಜನವರಿ 4ಕ್ಕೆ ಮೊದಲು ಎದ್ದಿದ್ದು.

ಗಾಳಿಲಿ ಇರೋವಾಗ ಏರ್‌ಬಸ್‌ನ ಕಂಪ್ಯೂಟರ್ ನಿಜಕ್ಕೂ ಗಟ್ಟಿ ಕಾವಲುಗಾರ. ಸ್ಟಿಕ್ ಪೂರ್ತಿ ಹೊಟ್ಟೆ ತನಕ ಎಳೆದ್ರೂ ರೆಕ್ಕೆ ಲಿಫ್ಟ್ ಕಳ್ಕೊಳ್ಳೋ ಕೋನಕ್ಕೆ ಹೋಗೋಕೆ ಬಿಡಲ್ಲ. ನಾನು ಹುಡುಗನಿಗೆ ಹೇಳಿದ್ದು ಇದನ್ನ. ಹೇಳದೇ ಬಿಟ್ಟಿದ್ದು ಏನಂದ್ರೆ, ನೆಲದ ಮೇಲೆ ಚಕ್ರ ಇರೋ ತನಕ ಎ320, ಎ321 ಎರಡರಲ್ಲೂ ಈ ಕಾವಲು ಇರಲ್ಲ. ಆಗ ಕಂಪ್ಯೂಟರ್ ಗ್ರೌಂಡ್ ಮೋಡ್‌ನಲ್ಲಿ ಇರುತ್ತೆ, ಸ್ಟಿಕ್ ಎಷ್ಟು ಎಳೀತೀರೋ ಎಲಿವೇಟರ್ ಅಷ್ಟೇ ತಿರುಗುತ್ತೆ, ನೇರಾ ನೇರ. ಹಳೇ ವಿಮಾನದ ಥರಾನೇ. ಚಕ್ರ ಎದ್ದು ಸ್ವಲ್ಪ ಹೊತ್ತಾದ್ಮೇಲೆ ಮೆಲ್ಲಗೆ ಗಾಳಿ ಮೋಡ್‌ಗೆ ಬದಲಾಗುತ್ತೆ. ಅಂದ್ರೆ ಬಾಲ ತಾಗೋ ಆ ನಾಲ್ಕು ಸೆಕೆಂಡ್‌ಗಳಲ್ಲಿ ಕಾವಲುಗಾರ ಇನ್ನೂ ಡ್ಯೂಟಿಗೇ ಬಂದಿರಲ್ಲ.

ಎಲ್ಲಾ ವಿಮಾನನೂ ಹಿಂಗೇ ಅಂತಲ್ಲ. ಬೋಯಿಂಗ್ 777-300ಇಆರ್ ತಗೊಳ್ಳಿ, 73.86 ಮೀಟರ್ ಉದ್ದದ ರೈಲು ಬೋಗಿ ಥರದ್ದು. ಅದರ ಕಂಪ್ಯೂಟರ್ ಬಾಲ ರನ್‌ವೇಗೆ ತಾಗೋ ಹಂಗಿದ್ಯಾ ಅಂತ ಲೆಕ್ಕ ಹಾಕ್ತಾ ಇರುತ್ತೆ, ಹೌದು ಅನ್ನಿಸಿದ್ರೆ ಪೈಲಟ್ ಎಳೆದಿರೋದ್ರಲ್ಲಿ ಸ್ವಲ್ಪ ಎಲಿವೇಟರ್ ಕಮ್ಮಿ ಮಾಡುತ್ತೆ, ಹೆಚ್ಚಂದ್ರೆ 10 ಡಿಗ್ರಿ. ಪೈಲಟ್ ಕೈಲಿರೋ ಹ್ಯಾಂಡಲ್ ಅಲ್ಲಾಡೋದೂ ಇಲ್ಲ, ಅವ್ರಿಗೆ ಗೊತ್ತೂ ಆಗಲ್ಲ. ಸೈಕಲ್ ಕಲಿಯೋ ಮಗುಗೆ ಹಿಂದಿನಿಂದ ಕ್ಯಾರಿಯರ್ ಹಿಡ್ಕೊಂಡು ಓಡ್ತೀವಲ್ಲ, ಹಂಗೆ. ಜೊತೆಗೆ ಅದರ ಚಕ್ರದ ಬೋಗಿನೂ ವಿಶೇಷ, ಏಳೋ ಹೊತ್ತಲ್ಲಿ ಆರು ಚಕ್ರದ ಸೆಟ್‌ನ ಹಿಂದಿನ ಜೋಡಿ ಚಕ್ರದ ಮೇಲೆ ನಿಂತ್ಕೊಂಡು ಕಾಲು ಉದ್ದ ಮಾಡ್ಕೊಳ್ಳುತ್ತೆ, ತುದಿಗಾಲಲ್ಲಿ ನಿಂತಂಗೆ. ಬಾಲಕ್ಕೆ ಒಂಚೂರು ಜಾಗ ಜಾಸ್ತಿ ಸಿಗುತ್ತೆ. ಎ340ರ ಉದ್ದದ ಮಾಡೆಲ್‌ಗಳಲ್ಲಿ ಪೈಲಟ್ ಮುಂದಿನ ಸ್ಕ್ರೀನಲ್ಲೇ ಇದಕ್ಕಿಂತ ಮೇಲೆ ಮೂಗು ಎತ್ಬೇಡ ಅಂತ ಒಂದು ಗುರುತು ಬರುತ್ತೆ. ಎ350 ಥರದ ಹೊಸದ್ರಲ್ಲಿ ಏಳೋ ಹೊತ್ತಿಗೇ ಅಂತ ಬೇರೆ ಕಂಟ್ರೋಲ್ ಲಾ (ಕಂಪ್ಯೂಟರ್ ಪಾಲಿಸೋ ನಿಯಮ) ಇದೆ, ಅಲ್ಲಿ ಸ್ಟಿಕ್ ಎಳೆದ್ರೆ ಎಲಿವೇಟರ್ ಕೋನ ಅಲ್ಲ, ಮೂಗು ಏಳೋ ವೇಗ ಕೇಳ್ದಂಗೆ. ಆದ್ರಿಂದ ಫ್ಲೈ ಬೈ ವೈರ್ ಅಂದ ತಕ್ಷಣ ಬಾಲ ಸೇಫ್ ಅಂತ ತಿಳ್ಕೊಳ್ಬೇಡಿ, ಯಾವ ಮಾಡೆಲ್ಲು ಅಂತ ಮೊದ್ಲು ಕೇಳಿ.

ಸ್ಟೆಪ್ 3: ಲೋಡ್ ಮತ್ತೆ ತೂಕ. ಇದನ್ನ ನಿಧಾನವಾಗಿ ಓದಿ

ನನ್ನ ಪ್ರಕಾರ ಅರ್ಧ ಟೈಲ್ ಸ್ಟ್ರೈಕ್ ಹುಟ್ಟೋದು ರನ್‌ವೇಲಿ ಅಲ್ಲ, ಗೇಟಲ್ಲಿ ನಿಂತಿರೋವಾಗಲೇ, ತೂಕ ಟೈಪ್ ಮಾಡೋ ಕೀಪ್ಯಾಡಲ್ಲಿ. ನಾನು ಲೋಡರ್ ಆಗಿದ್ದೋನು, ಅದಕ್ಕೇ ಹಂಗಂತೀನಿ ಅಂತ ನಗಬೇಡಿ, ಕೇಳಿ.

ಉದ್ದದ ವಿಮಾನಕ್ಕೆ ಲಗೇಜ್ ತುಂಬೋವಾಗ ಮೊದ್ಲು ಮುಂದಿನ ಹೋಲ್ಡ್ (ಲಗೇಜ್ ಇಡೋ ಜಾಗ), ಇಳಿಸೋವಾಗ ಮೊದ್ಲು ಹಿಂದಿನ ಹೋಲ್ಡ್. ಹೊಸಬ ಯಾರಾದ್ರೂ ಉಲ್ಟಾ ಮಾಡೋಕೆ ಹೋದ್ರೆ ಸೂಪರ್‌ವೈಸರ್ ದೂರದಿಂದ್ಲೇ "ಲೋ, ಬಾಲದ ಮೇಲೆ ಕೂರ್ಸ್ತೀಯೇನೋ" ಅಂತ ಕೂಗೋರು. ಕೋಲಾರ ಮಂಡಿಗೆ ಟೊಮೇಟೊ ಕ್ರೇಟ್ ಹಾಕ್ಕೊಂಡು ಹೋಗೋ ಟ್ರ್ಯಾಕ್ಟರ್ ನೋಡಿರ್ತೀರ, ಟ್ರೈಲರ್ ಭಾರ ಹಿಂದಕ್ಕೆ ಜಗ್ಗಿ ದಿಬ್ಬ ಹತ್ತೋವಾಗ ಇಂಜಿನ್‌ನ ಮುಂದಿನ ಚಕ್ರ ಎದ್ದು ಸ್ಟೇರಿಂಗ್ ಹಿಡಿತಕ್ಕೇ ಸಿಗಲ್ಲ. ವಿಮಾನದಲ್ಲೂ ಭಾರ ಹಿಂದೆ ಇದ್ರೆ ಮೂಗು ಹಗುರ, ಸ್ವಲ್ಪ ಎಳೆದ್ರೂ ಜಾಸ್ತಿ ಏಳುತ್ತೆ. ಅದಕ್ಕೇ ಸಿಮ್ಯುಲೇಟರಲ್ಲಿ ಪ್ಯಾಸೆಂಜರ್ ತುಂಬೋ ಪೇಜಲ್ಲಿ ಹಿಂದಿನ ಸೀಟೆಲ್ಲ ಫುಲ್, ಮುಂದೆ ಖಾಲಿ ಅಂತ ಬಿಡ್ಬೇಡಿ. ಸೆಂಟರ್ ಆಫ್ ಗ್ರಾವಿಟಿ, ಅಂದ್ರೆ ಒಟ್ಟು ಭಾರ ನಿಲ್ಲೋ ಜಾಗ, ಎಷ್ಟು ಬಂತು ನೋಡಿ, ಅದಕ್ಕೆ ತಕ್ಕಂಗೆ ಮೂಗಿನ ಸಮತೋಲ ಹೊಂದಿಸೋ ಟ್ರಿಮ್ ಚಕ್ರ ಇಡಿ. ಸೀಟಿನ ಪಕ್ಕ ಮೊಣಕಾಲ ಹತ್ರ ತಿರುಗೋ ಆ ಕಪ್ಪು ಚಕ್ರ ತಪ್ಪಾಗಿ ಮೂಗು ಮೇಲೆ ಅನ್ನೋ ಕಡೆ ಜಾಸ್ತಿ ಇದ್ರೆ ನೀವು ಎಳೆಯೋಕೆ ಮುಂಚೆನೇ ವಿಮಾನ ಅರ್ಧ ಎಳ್ಕೊಂಡಿರುತ್ತೆ.

ಅದಕ್ಕಿಂತ ದೊಡ್ಡದು ತೂಕ. ತೂಕದ ಮೇಲೆ ಸ್ಪೀಡ್ ನಿಂತಿದೆ. ಮೂಗು ಎತ್ತೋ ವೇಗಕ್ಕೆ ವಿಆರ್ ಅಂತಾರೆ, ಅದನ್ನ ನಾಟ್ ಅನ್ನೋ ಅಳತೆಲಿ ಹೇಳ್ತಾರೆ (ಒಂದು ನಾಟ್ ಅಂದ್ರೆ ಗಂಟೆಗೆ ಸುಮಾರು 1.85 ಕಿ.ಮೀ.), ಕಾಕ್‌ಪಿಟಲ್ಲಿ "ರೊಟೇಟ್" ಅಂತ ಕೂಗೋದು ಆ ವೇಗಕ್ಕೇ. ತೂಕ ಕಮ್ಮಿ ಹಾಕಿದ್ರೆ ವಿಆರ್ ಕಮ್ಮಿ ಬರುತ್ತೆ, ಇಂಜಿನ್ ಪವರ್ರೂ ಕಮ್ಮಿ ಸಾಕು ಅಂತ ಕಂಪ್ಯೂಟರ್ ಹೇಳುತ್ತೆ, ನೀವು ಆ ವೇಗಕ್ಕೆ ಎಳೀತೀರ, ರೆಕ್ಕೆಗೆ ಇನ್ನೂ ಎತ್ತೋ ಶಕ್ತಿ ಬಂದಿಲ್ಲ, ವಿಮಾನ ಏಳಲ್ಲ, ಯಾಕೆ ಏಳ್ತಿಲ್ಲ ಅಂತ ಇನ್ನೂ ಎಳೀತೀರ, ಬಾಲ ತಾಗ್ತು.

2009ರ ಮಾರ್ಚ್ 20, ಆಸ್ಟ್ರೇಲಿಯಾದ ಮೆಲ್ಬರ್ನ್. ಎಮಿರೇಟ್ಸ್ ಫ್ಲೈಟ್ 407, ಏರ್‌ಬಸ್ ಎ340-500, ಒಳ್ಳೇ ಫ್ಲೈ ಬೈ ವೈರ್ ವಿಮಾನ. ನಿಜವಾದ ತೂಕ 362.9 ಟನ್, ಲ್ಯಾಪ್‌ಟಾಪಲ್ಲಿ ಲೆಕ್ಕಕ್ಕೆ ಹಾಕಿದ್ದು 262.9. ಒಂದೇ ಒಂದು ಅಂಕಿ. ನೂರು ಟನ್ ಮಾಯ! ರನ್‌ವೇ ಮುಗೀತಾ ಬಂದ್ರೂ ಏಳಲಿಲ್ಲ, ಬಾಲ ಉಜ್ಜಿತು, ಕೊನೇ ಗಳಿಗೆಲಿ ಫುಲ್ ಪವರ್ ಕೊಟ್ಟು ರನ್‌ವೇ ತುದಿ ದಾಟಿ ಅಲ್ಲಿದ್ದ ಲೈಟು, ಆಂಟೆನಾಗೆ ತಗುಲಿಸಿಕೊಂಡು ಹೆಂಗೋ ಎದ್ದರು. ಒಳಗಿದ್ದ 275 ಜನ ಬದುಕಿ ವಾಪಸ್ ಇಳಿದ್ರು. ಕಂಪ್ಯೂಟರ್ ಕೆಟ್ಟಿರಲಿಲ್ಲ ನೋಡಿ, ಕೊಟ್ಟ ಲೆಕ್ಕ ನಂಬಿ ಕೆಲಸ ಮಾಡ್ತು. 2003ರ ಮಾರ್ಚ್ 12ಕ್ಕೆ ಆಕ್ಲೆಂಡಲ್ಲಿ ಸಿಂಗಪುರ್ ಏರ್‌ಲೈನ್ಸ್‌ನ 747ಗೂ ಇದೇ ನೂರು ಟನ್ ತಪ್ಪು, 163 ನಾಟ್‌ಗೆ ಎತ್ಬೇಕಿದ್ದ ಮೂಗನ್ನ 130 ನಾಟ್‌ಗೆ ಎತ್ತಿದ್ರು. 747 ಫ್ಲೈ ಬೈ ವೈರ್ ಅಲ್ಲ, ಎ340 ಫ್ಲೈ ಬೈ ವೈರು, ತಪ್ಪು ಅಂಕಿ ಮುಂದೆ ಎರಡೂ ಒಂದೇ.

ಆದ್ರಿಂದ ಟೈಪ್ ಮಾಡಿದ್ಮೇಲೆ ಒಂದ್ಸಲ ಬಾಯಲ್ಲಿ ಓದಿ. ಬ್ಯಾಂಕಲ್ಲಿ ಚೆಕ್ ಬರೆಯೋವಾಗ ಅಂಕಿನೂ ಬರೆದು ಅಕ್ಷರದಲ್ಲೂ ಬರೀತೀವಲ್ಲ, ಅದೇ ಬುದ್ಧಿ. ನಿನ್ನೆ ಇಷ್ಟೇ ಜನ ಇಷ್ಟೇ ಡೀಸೆಲ್... ಅಲ್ಲ, ಇಂಧನ ಇದ್ದಾಗ ವಿಆರ್ ಎಷ್ಟು ಬಂದಿತ್ತು, ಇವತ್ತು ಯಾಕೆ ಇಪ್ಪತ್ತು ನಾಟ್ ಕಮ್ಮಿ ಅಂತ ಅನುಮಾನ ಬರ್ಬೇಕು. ನಮ್ಮ ಹುಡುಗನ ಎರಡನೇ ಟೈಲ್ ಸ್ಟ್ರೈಕ್‌ಗೆ ಕಾರಣ ಇದೇ, ಹಿಂದಿನ ದಿನ ಖಾಲಿ ವಿಮಾನಕ್ಕೆ ಹಾಕಿದ್ದ ಸ್ಪೀಡ್‌ಗಳನ್ನ ಹಂಗೇ ಬಿಟ್ಟು ಫುಲ್ ಪ್ಯಾಸೆಂಜರ್ ತುಂಬಿದ್ದ.

ಸ್ಟೆಪ್ 4: ಫ್ಲಾಪ್ ಮತ್ತೆ ನಮ್ಮೂರ ಎತ್ತರ

ಇದು ಚಿಕ್ಕದು. ಟೇಕಾಫ್‌ಗೆ ಫ್ಲಾಪ್ (ರೆಕ್ಕೆ ಹಿಂದೆ ಕೆಳಕ್ಕೆ ಚಾಚೋ ಪಟ್ಟಿ) ಜಾಸ್ತಿ ಇಟ್ರೆ ಕಮ್ಮಿ ಕೋನದಲ್ಲೇ ರೆಕ್ಕೆ ಎತ್ತುತ್ತೆ, ಬಾಲಕ್ಕೆ ಜಾಗ ಜಾಸ್ತಿ. ಎ321ರಲ್ಲಿ ಬಾಲದ ಭಯ ಇದ್ರೆ ಒಂದು ಹೆಜ್ಜೆ ಜಾಸ್ತಿ ಫ್ಲಾಪ್ ಯೋಚನೆ ಮಾಡಿ, ಬೇರೆ ಲೆಕ್ಕ ಒಪ್ಪಿದ್ರೆ. ಇನ್ನು ದೇವನಹಳ್ಳಿ ಏರ್‌ಪೋರ್ಟ್ ಸಮುದ್ರ ಮಟ್ಟಕ್ಕಿಂತ ಸುಮಾರು 915 ಮೀಟರ್ ಮೇಲಿದೆ, ಗಾಳಿ ತೆಳು. ಸ್ಕ್ರೀನಲ್ಲಿ 150 ನಾಟ್ ಅಂತ ತೋರಿಸ್ತಿದ್ರೆ ಬೇಸಿಗೆ ಮಧ್ಯಾಹ್ನ 30 ಡಿಗ್ರಿ ಬಿಸಿಲಲ್ಲಿ ನಿಜವಾದ ವೇಗ ಗಂಟೆಗೆ 300 ಕಿ.ಮೀ. ಹತ್ರ ಇರುತ್ತೆ, ಅದೇ ಮಂಗಳೂರೋ ಚೆನ್ನೈಯೋ ಆದ್ರೆ ಅಷ್ಟಿರಲ್ಲ. ರನ್‌ವೇ ಪಕ್ಕದ ಹುಲ್ಲು ಜೋರಾಗಿ ಓಡ್ತಿದೆ ಅಂತ ಗಾಬರಿಯಾಗಿ ಬೇಗ ಎಳೀಬೇಡಿ. ನಮ್ಮ ಎರಡೂ ರನ್‌ವೇ 4000 ಮೀಟರ್ ಉದ್ದ ಇದಾವೆ, ಯಾರೂ ಅಟ್ಟಿಸಿಕೊಂಡು ಬರ್ತಿಲ್ಲ.

ಸ್ಟೆಪ್ 5: ಎಳೆಯೋ ಕೈ

ವಿಆರ್ ಬಂತು. ಅದಕ್ಕಿಂತ ಮುಂಚೆ ಬೇಡ, ಗಾಳಿ ಬೀಸ್ತಾ ವೇಗ ಹಿಂದೆ ಮುಂದೆ ಆಗ್ತಿದ್ರೆ ಒಂಚೂರು ತಡ ಆದ್ರೂ ಪರವಾಗಿಲ್ಲ. ಸ್ಟಿಕ್ ಹಿಂದಕ್ಕೆ, ಒಂದೇ ಸಮ, ಸೆಕೆಂಡಿಗೆ ಸುಮಾರು 3 ಡಿಗ್ರಿ ಏಳೋ ಹಂಗೆ. ಬಾಯಲ್ಲಿ "ಒಂದು... ಎರಡು... ಮೂರು..." ಅಂತ ಎಣಿಸಿ, ಮೂರಕ್ಕೆ ಒಂಬತ್ತು ಡಿಗ್ರಿ ಆಸುಪಾಸು, ಅಷ್ಟೊತ್ತಿಗೆ ಲೆಕ್ಕ ಸರಿ ಇದ್ರೆ ಚಕ್ರ ನೆಲ ಬಿಡೋಕೆ ಶುರು ಮಾಡಿರುತ್ತೆ. 11.2 ಬರೋಕೆ ಇನ್ನು ಒಂದು ಸೆಕೆಂಡೂ ಇಲ್ಲ ಅನ್ನೋದು ತಲೇಲಿರ್ಲಿ. ಬಿಂದಿಗೆ ತುಂಬಾ ನೀರು ಸೊಂಟಕ್ಕೆ ಎತ್ಕೋತಾರಲ್ಲ ಹೆಂಗಸ್ರು, ಜರ್ಕ್ ಇಲ್ದೆ, ತುಳುಕದಂಗೆ, ಹಂಗಿರ್ಬೇಕು.

ಎಲ್ಲರೂ ಮಾಡೋ ತಪ್ಪು ಒಂದಿದೆ. ಮೊದ್ಲು ಸ್ವಲ್ಪ ಎಳೀತಾರೆ, ಮೂಗು ಅಲ್ಲಾಡಲ್ಲ ಅನ್ಸುತ್ತೆ, ದೊಡ್ಡ ವಿಮಾನಕ್ಕೆ ಒಂದು ಗಳಿಗೆ ಬೇಕು, ಆ ಗಳಿಗೆ ಕಾಯದೆ ಇನ್ನೂ ಎಳೀತಾರೆ, ಆಮೇಲೆ ಎರಡೂ ಎಳೆತ ಒಟ್ಟಿಗೆ ಸೇರಿ ಮೂಗು ಧಡಾರ್ ಅಂತ ಏಳುತ್ತೆ. ನೆಲದ ಮೇಲೆ ಕಂಪ್ಯೂಟರ್ ನೇರ ಮೋಡ್‌ನಲ್ಲಿದೆ ಅಂತ ಹೇಳಿದ್ನಲ್ಲ, ನಿಮ್ಮ ಅವಸರವನ್ನ ಅದು ಸೋಸಲ್ಲ. ಒಂದ್ಸಲ ಎಳೆದು ಹಿಡೀರಿ, ಕಾಯಿರಿ, ಮೂಗು ಚಲಿಸಿದ್ಮೇಲೆ ಸಣ್ಣದಾಗಿ ಸರಿ ಮಾಡಿ. ಕಣ್ಣು ಹೊರಗಡೆ ಮೊದಲು, ಎದ್ದ ತಕ್ಷಣ ಸ್ಕ್ರೀನ್‌ನ ಪಿಚ್ ಗೆರೆ, ಅಂದ್ರೆ ಮೂಗಿನ ಕೋನ ತೋರಿಸೋ ಗೆರೆ ಮೇಲೆ.

ಅಡ್ಡಗಾಳಿ ಇದ್ರೆ ಇನ್ನೊಂದು ಬಲೆ. ಸ್ಟಿಕ್ಕನ್ನ ಪಕ್ಕಕ್ಕೆ ಜಾಸ್ತಿ ತಿರುಗಿಸಿದ್ರೆ ಆ ಕಡೆ ರೆಕ್ಕೆ ಮೇಲಿನ ಸ್ಪಾಯ್ಲರ್ ಅನ್ನೋ ಪಟ್ಟಿ ಎದ್ದು ನಿಲ್ಲುತ್ತೆ, ಸ್ಪಾಯ್ಲರ್ ಎದ್ರೆ ಲಿಫ್ಟ್ ಹೋಯ್ತು, ಏಳೋದು ತಡ, ಮೂಗು ಮೇಲೆ ಬಾಲ ಕೆಳಗೆ. ಅದ್ರಿಂದ ಪಕ್ಕಕ್ಕೆ ಬೇಕಾದಷ್ಟೇ. ಜಾಯ್‌ಸ್ಟಿಕ್ ಸಸ್ತಾ ಇದ್ರೆ, ನಮ್ಮದು ಸೆಕೆಂಡ್ ಹ್ಯಾಂಡು, ಸ್ಪ್ರಿಂಗ್ ಸಡಿಲ ಆಗಿ ಮಧ್ಯಕ್ಕೆ ಸರಿಯಾಗಿ ಬರಲ್ಲ, ಸೆಟ್ಟಿಂಗ್ಸಲ್ಲಿ ಡೆಡ್‌ಝೋನ್ (ಸಣ್ಣ ಅಲುಗಾಟ ಲೆಕ್ಕಕ್ಕೆ ತಗೊಳ್ಳದ ಜಾಗ) ಸ್ವಲ್ಪ ಕೊಟ್ಕೊಳ್ಳಿ. ನಾನು ಜಾಯ್‌ಸ್ಟಿಕ್ ಬುಡಕ್ಕೆ ಬಿಳಿ ಟೇಪ್ ಅಂಟಿಸಿ ಅರ್ಧ ಎಳೆತ ಎಲ್ಲಿವರೆಗೆ ಅಂತ ಪೆನ್ನಲ್ಲಿ ಗೆರೆ ಹಾಕಿದೀನಿ, ಹುಡುಗನ ಬೆರಳು ಆ ಗೆರೆ ದಾಟಿದ್ರೆ ಪಕ್ಕದಲ್ಲಿ ಕೂತು "ಹ್ಞೂಂ..." ಅಂತೀನಿ, ಅಷ್ಟೇ.

ಸ್ಟೆಪ್ 6: ಇಳಿಸೋದು, ನಿಜವಾದ ಪರೀಕ್ಷೆ ಇಲ್ಲಿ

ಟೇಕಾಫಲ್ಲಿ ಉಜ್ಜೋದಕ್ಕಿಂತ ಲ್ಯಾಂಡಿಂಗಲ್ಲಿ ಹೊಡೆಯೋದು ಕೆಟ್ಟದು. ಏಳೋವಾಗ ಬಾಲ ಸವರಿಕೊಂಡು ಹೋಗುತ್ತೆ, ಇಳಿಯೋವಾಗ ಮೇಲಿಂದ ಬಂದು ಬಡಿಯುತ್ತೆ, ಕೆಲವು ಸಲ ಚಕ್ರಕ್ಕಿಂತ ಮುಂಚೆನೇ. ಅದೂ ಅಲ್ದೆ ಶಾಕ್ ಅಬ್ಸಾರ್ಬರ್ ಅದುಮಿಕೊಳ್ಳುತ್ತೆ, ಆಗ ಎ321ಗೆ ಸಿಗೋ ಜಾಗ 9.7 ಡಿಗ್ರಿ ಮಾತ್ರ.

ಇಲ್ಲಿ ಏರ್‌ಬಸ್ ಕಂಪ್ಯೂಟರ್ ಒಂದು ಚೆಂದದ ಆಟ ಆಡುತ್ತೆ, ಅದನ್ನ ಅರ್ಥ ಮಾಡ್ಕೊಳ್ಳದೆ ಬಾಲ ಹೊಡೆಸಿಕೊಳ್ಳೋರು ತುಂಬಾ ಜನ. ಗಾಳಿಲಿ ಇರೋವಾಗ ಸ್ಟಿಕ್ ಬಿಟ್ರೆ ಮೂಗು ಎಲ್ಲಿತ್ತೋ ಅಲ್ಲೇ ನಿಲ್ಲುತ್ತೆ, ಅದು ಏರ್‌ಬಸ್ ಗುಣ. ಆದ್ರೆ ಇಳಿಯೋವಾಗ ಹಂಗೇ ಬಿಟ್ರೆ ಪೈಲಟ್‌ಗೆ ನೆಲ ಹತ್ರ ಬರ್ತಿರೋ ಅನುಭವ ಕೈಗೆ ಸಿಗಲ್ಲ. ಅದಕ್ಕೆ ರೇಡಿಯೋ ಎತ್ತರ, ಅಂದ್ರೆ ನೆಲದಿಂದ ಅಳೆದ ಎತ್ತರ, 50 ಅಡಿ ಆದಾಗ ಕಂಪ್ಯೂಟರ್ ಮೂಗಿನ ಕೋನ ಜ್ಞಾಪಕ ಇಟ್ಕೊಳ್ಳುತ್ತೆ, 30 ಅಡಿಗೆ ಬಂದಾಗ ಮೆಲ್ಲಗೆ ಮೂಗನ್ನ ಕೆಳಗೆ ಬಿಡೋಕೆ ಶುರು ಮಾಡುತ್ತೆ, ಎಂಟು ಸೆಕೆಂಡಲ್ಲಿ ಕೆಳಮುಖ ಎರಡು ಡಿಗ್ರಿಗೆ ಹೋಗೋ ಲೆಕ್ಕದಲ್ಲಿ. ಅಂದ್ರೆ ಹಳೇ ವಿಮಾನ ಇಳಿಸೋವಾಗ ಎಳೀಬೇಕಿತ್ತಲ್ಲ ಹಂಗೆ ನೀವೂ ಮೆಲ್ಲಗೆ ಎಳೀಲಿ ಅಂತ ಬೇಕಂತಲೇ ಮೂಗು ಬಿಡ್ತಿದೆ. ಇದು ಗೊತ್ತಿಲ್ದೋರು ಅಯ್ಯೋ ಮೂಗು ಬೀಳ್ತಿದೆ ಅಂತ ಗಬಕ್ಕನೆ ಎಳೀತಾರೆ, ವಿಮಾನ ನೆಲಕ್ಕೆ ಐದಡಿ ಮೇಲೆ ತೇಲ್ತಾ ನಿಲ್ಲುತ್ತೆ, ವೇಗ ಬೀಳುತ್ತೆ, ಮೃದುವಾಗಿ ಇಳಿಸ್ಬೇಕು ಅಂತ ಇನ್ನೂ ಎಳೀತಾರೆ, ಕೋನ ಎಂಟು, ಒಂಬತ್ತು...

ಬೆಣ್ಣೆ ಥರ ಇಳಿಸೋ ಆಸೆ ಬಿಡಿ. ಸ್ವಲ್ಪ ಗಟ್ಟಿಯಾಗಿ ಕೂತ್ರೂ ಪರವಾಗಿಲ್ಲ, ತೇಲಿಸ್ಬೇಡಿ. ಹಿಂದಿನ ಸೀಟಲ್ಲಿ ಕೂತೋರು ಬೈಕೊಂಡ್ರೆ ಬೈಕೊಳ್ಲಿ.

ಇಳಿಯೋಕೆ ಮುಂಚೆ ಅಪ್ರೋಚ್ ಸ್ಪೀಡ್ ಬೀಳಿಸ್ಬೇಡಿ, ವೇಗ ಕಮ್ಮಿ ಆದಷ್ಟೂ ಮೂಗು ಮೇಲೆ ಹೋಗ್ಲೇಬೇಕು. 20 ಅಡಿ ಹತ್ರ ವಿಮಾನವೇ "ರಿಟಾರ್ಡ್" ಅಂತ ಕೂಗುತ್ತೆ, ಥ್ರಸ್ಟ್ (ಇಂಜಿನ್ ಪವರ್) ಹಿಂದಕ್ಕೆ ತಗೊಳ್ರಪ್ಪಾ ಅಂತ ನೆನಪಿಸೋದು. ಪಕ್ಕದಲ್ಲಿ ಯಾರಾದ್ರೂ ಇದ್ರೆ ಅವ್ರಿಗೆ ಒಂದು ಕೆಲಸ ಕೊಡಿ, ಸ್ಕ್ರೀನಲ್ಲಿ ಪಿಚ್ ಕೋನ ನೋಡ್ತಾ ಇರೋದು, ಎ321ರಲ್ಲಿ 7.5 ಡಿಗ್ರಿ ತಲುಪಿದ್ರೆ "ಪಿಚ್!" ಅಂತ ಕೂಗೋದು. ಎ320 ಆದ್ರೆ 10ಕ್ಕೆ. ಕಾಕ್‌ಪಿಟಲ್ಲಿ ಎರಡನೇ ಪೈಲಟ್ ಮಾಡೋದೂ ಇದನ್ನೇ. ಅವ್ರು ಕೂಗ್ಬೇಕೇ ಹೊರತು ತಾವೂ ಸ್ಟಿಕ್ ಹಿಡೀಬಾರ್ದು, ಏರ್‌ಬಸ್‌ನಲ್ಲಿ ಎರಡು ಸ್ಟಿಕ್ ಒಂದಕ್ಕೊಂದು ಜೋಡಿಸಿಲ್ಲ, ಇಬ್ಬರೂ ಎಳೆದ್ರೆ ಕಂಪ್ಯೂಟರ್ ಎರಡನ್ನೂ ಕೂಡಿಸ್ಕೊಳ್ಳುತ್ತೆ, "ಡ್ಯುಯಲ್ ಇನ್‌ಪುಟ್" ಅಂತ ಬೈಯುತ್ತೆ. ಒಬ್ಬರೇ ಓಡಿಸ್ಬೇಕು ಅಂದ್ರೆ ಸ್ಟಿಕ್ ಮೇಲಿರೋ ಕೆಂಪು ಬಟನ್ ಒತ್ತಿ ತಗೋಬೇಕು.

ಚಕ್ರ ತಾಗಿದ ತಕ್ಷಣ ರೆಕ್ಕೆ ಮೇಲಿನ ಗ್ರೌಂಡ್ ಸ್ಪಾಯ್ಲರ್‌ಗಳೆಲ್ಲ ಎದ್ದು ನಿಲ್ತವೆ, ಬ್ರೇಕ್ ಚೆನ್ನಾಗಿ ಹಿಡೀಲಿ ಅಂತ. ಆದ್ರೆ ಆ ಹೊತ್ತಲ್ಲಿ ಮೂಗು ಮೇಲೆ ಹೋಗೋ ಗುಣ ಇದೆ. ಇಳಿದ್ವಲ್ಲ ಅಂತ ಖುಷಿಲಿ ಇನ್ನೂ ಸ್ಟಿಕ್ ಎಳ್ಕೊಂಡೇ ಕೂತಿದ್ರೆ ಚಕ್ರ ನೆಲದ ಮೇಲಿದ್ರೂ ಬಾಲ ಹೋಗಿ ಬಡಿಯುತ್ತೆ. ಹುಡುಗನ ಮೂರನೇದು ಇದೇ. ಚಕ್ರ ತಾಗಿದ್ಮೇಲೆ ಸ್ಟಿಕ್ ಮೆಲ್ಲಗೆ ಸಡಿಲಿಸಿ ಮೂಗಿನ ಚಕ್ರ ತಾನಾಗೇ ಇಳಿಯೋಕೆ ಬಿಡಿ, ಪಟ್ಟಂತ ಬಿಡ್ಬೇಡಿ ಹಂಗಂತ.

ಬೌನ್ಸ್ ಆಯ್ತಾ? ಚೆಂಡು ಥರ ಪುಟಿದು ಮೇಲೆ ಹೋಯ್ತಾ? ಆಗ ಕೈ ಮಾಡ್ಬಾರದ ಕೆಲಸ ಅಂದ್ರೆ ಮತ್ತೆ ಎಳೆಯೋದು. ಚಿಕ್ಕ ಪುಟಿತ ಆದ್ರೆ ಮೂಗು ಇದ್ದಲ್ಲೇ ಹಿಡ್ಕೊಂಡು ಕಾಯಿರಿ, ತಾನೇ ಕೂರುತ್ತೆ. ದೊಡ್ಡದಾದ್ರೆ ಫುಲ್ ಪವರ್ ಕೊಟ್ಟು ಗೋ ಅರೌಂಡ್ ಮಾಡಿ, ಅಂದ್ರೆ ಇಳಿಸೋದು ಬಿಟ್ಟು ಮತ್ತೆ ಮೇಲೇಳಿ, ಆದ್ರೆ ಅಲ್ಲೂ ಜೋರಾಗಿ ಮೂಗು ಎತ್ಬೇಡಿ, ಚಕ್ರ ಇನ್ನೊಂದ್ಸಲ ನೆಲಕ್ಕೆ ತಾಗಬಹುದು, ತಾಗ್ಲಿ ಬಿಡಿ, ಬಾಲ ತಾಗೋದಕ್ಕಿಂತ ಮೇಲು.

ಸ್ಟೆಪ್ 7: ತಾಗೇ ಬಿಡ್ತು ಅಂದ್ರೆ

ಸಿಮ್ಯುಲೇಟರಲ್ಲಿ ಆದ್ರೆ ರೀಸ್ಟಾರ್ಟ್ ಒತ್ತುತೀರ. ನಾನು ಹುಡುಗನಿಗೆ ಒತ್ತೋಕೆ ಬಿಡಲ್ಲ, ನಿಜವಾಗ್ಲೂ ಏನು ಮಾಡ್ತಾರೋ ಅದನ್ನೇ ಮಾಡು ಅಂತೀನಿ. ಟೇಕಾಫಲ್ಲಿ ತಾಗಿದ್ರೆ ಹತ್ತು ಸಾವಿರ ಅಡಿ ದಾಟ್ಬಾರ್ದು, ಅಲ್ಲಿ ಬೆಟ್ಟ ಗಿಟ್ಟ ಇದ್ದು ಅದಕ್ಕಿಂತ ಮೇಲಿರ್ಲೇಬೇಕು ಅಂದ್ರೆ ಅಷ್ಟು ಮಾತ್ರ, ಕ್ಯಾಬಿನ್‌ಗೆ ಗಾಳಿ ಒತ್ತಡ ತುಂಬಬಾರ್ದು, ಆದಷ್ಟು ಬೇಗ ಇಳಿಸ್ಬೇಕು. ಯಾಕೆ ಒತ್ತಡ ತುಂಬಬಾರ್ದು ಅಂದ್ರೆ ವಿಮಾನದ ಹಿಂಭಾಗದಲ್ಲಿ ಪ್ರೆಶರ್ ಬಲ್ಕ್‌ಹೆಡ್ ಅಂತ ಒಂದು ದೊಡ್ಡ ಬಟ್ಟಲಿನಂಥ ಗೋಡೆ ಇರುತ್ತೆ, ಒಳಗಿನ ಒತ್ತಡ ತಡ್ಕೊಳ್ಳೋದು ಅದು, ಬಾಲ ಬಡಿದಾಗ ಅದಕ್ಕೋ ಅದರ ಸುತ್ತಲ ತಗಡಿಗೋ ಏಟಾಗಿರಬಹುದು, ಒಳಗೆ ಕೂತೋರಿಗೆ ಕಾಣಲ್ಲ.

ಹೊರಗಡೆ ನೋಡಿದ್ರೆ ಬಣ್ಣ ಕಿತ್ತ ಗೀರು ಅಷ್ಟೇ ಅನ್ಸುತ್ತೆ. 1978ರ ಜೂನ್ 2ಕ್ಕೆ ಜಪಾನಿನ ಒಸಾಕಾದಲ್ಲಿ ಒಂದು 747 ಲ್ಯಾಂಡಿಂಗಲ್ಲಿ ಬಾಲ ಹೊಡೆಸಿಕೊಂಡಿತ್ತು, ರಿಪೇರಿ ಆಯ್ತು, ಬಲ್ಕ್‌ಹೆಡ್ ರಿಪೇರಿ ಸರಿಯಾಗಿ ಮಾಡಿರಲಿಲ್ಲ. ಏಳು ವರ್ಷ ಹಾರಾಡ್ತು. 1985ರ ಆಗಸ್ಟ್ 12ಕ್ಕೆ ಅದೇ ಗೋಡೆ ಒಡೆದು 520 ಜನ ಹೋದ್ರು, ನಾಲ್ಕೇ ಜನ ಉಳಿದಿದ್ದು. ಚೈನಾ ಏರ್‌ಲೈನ್ಸ್‌ನ ಇನ್ನೊಂದು 747ಕ್ಕೆ 1980ರ ಫೆಬ್ರವರಿಲಿ ಹಾಂಗ್‌ಕಾಂಗಲ್ಲಿ ಬಾಲ ತಾಗಿತ್ತು, ಸರಿಯಾಗಿ ರಿಪೇರಿ ಆಗ್ಲಿಲ್ಲ, 22 ವರ್ಷ ಆದ್ಮೇಲೆ 2002ರ ಮೇ 25ಕ್ಕೆ ಗಾಳಿಲೇ ಒಡೆದು 225 ಜನ ಸತ್ರು. ಈ ಕಥೆ ಹೇಳ್ದಾಗ ಹುಡುಗ ಜಾಯ್‌ಸ್ಟಿಕ್ ಮೇಲಿಂದ ಕೈ ತೆಗೆದು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ.

ಆಮೇಲೆ ಕೇಳ್ದ, "ಹಂಗಾದ್ರೆ ಕಂಪನಿಯವ್ರು ಎಷ್ಟು ಕೋನಕ್ಕೆ ತಾಗುತ್ತೆ, ಎಷ್ಟು ಕಮ್ಮಿ ಸ್ಪೀಡಲ್ಲಿ ಏಳುತ್ತೆ ಅಂತ ಹೆಂಗೆ ಕಂಡುಹಿಡೀತಾರೆ ಮಾಮ?" ಒಳ್ಳೇ ಪ್ರಶ್ನೆ. ಟೆಸ್ಟ್ ಪೈಲಟ್‌ಗಳು ಬಾಲಕ್ಕೆ ರಕ್ಷಣೆಗೆ ಒಂದು ಸ್ಕಿಡ್ ಕಟ್ಕೊಂಡು ಬೇಕಂತಲೇ ರನ್‌ವೇ ಮೇಲೆ ಬಾಲ ಎಳ್ಕೊಂಡು ಹೋಗ್ತಾರೆ, ಅತೀ ಕಮ್ಮಿ ವೇಗದಲ್ಲಿ ಯಾವಾಗ ನೆಲ ಬಿಡುತ್ತೆ ಅಂತ ನೋಡೋಕೆ. ಅದರ ವಿಡಿಯೋ ಸಿಗುತ್ತೆ, ಹುಡುಕಿ ನೋಡಿ, ಬಾಲದ ಕೆಳಗೆ ಕಿಡಿ, ಹೊಗೆ ಎಲ್ಲ ಕಾಣುತ್ತೆ.

ಒಂದು ಮಾತು, ಫ್ರೀಯಾಗಿ ಸಿಗೋ ಎಲ್ಲಾ ಸಿಮ್ಯುಲೇಟರ್ ಮಾಡೆಲ್‌ಗಳೂ ಈ ಗ್ರೌಂಡ್ ಮೋಡ್, 30 ಅಡಿಗೆ ಮೂಗು ಬಿಡೋದು ಇದನ್ನೆಲ್ಲ ಸರಿಯಾಗಿ ತೋರಿಸಲ್ಲ. ಚೆಕ್ ಮಾಡೋದು ಸುಲಭ, 50 ಅಡಿಯಿಂದ ಸ್ಟಿಕ್ ಮುಟ್ಟದೆ ಬಿಟ್ಟು ನೋಡಿ, ಮೂಗು ತಾನಾಗೇ ಇಳಿಯೋಕೆ ಶುರುವಾದ್ರೆ ಮಾಡೆಲ್ ಮಾಡ್ದೋನು ಓದಿ ಮಾಡಿದಾನೆ ಅಂತ ಅರ್ಥ.

ನಮ್ಮ ಹುಡುಗ ಈಗ ಟೇಕಾಫಲ್ಲಿ ಬಾಲ ತಾಗ್ಸಲ್ಲ, "ಒಂದು ಎರಡು ಮೂರು" ಅಂತ ಜೋರಾಗಿ ಎಣಿಸ್ತಾನೆ, ಪಕ್ಕದ ಮೆಡಿಕಲ್ ಸ್ಟೋರ್‌ನವ್ರು ಏನ್ ಸಾರ್ ರಾತ್ರಿ ಹೊತ್ತು ಎಕ್ಸರ್‌ಸೈಜಾ ಅಂತ ಕೇಳಿದ್ರು. ಲ್ಯಾಂಡಿಂಗಲ್ಲಿ ಇನ್ನೂ ಪುಟಿಸ್ತಾನೆ. ನಾನು ಪಕ್ಕದಲ್ಲಿ ಕೂತು 7.5 ಬಂದಾಗ "ಪಿಚ್" ಅಂತ ಕೂಗೋ ಡ್ಯೂಟಿ, ನಿನ್ನೆ ಕೂಗೋಷ್ಟರಲ್ಲಿ ಕರೆಂಟೇ ಹೋಯ್ತು.